ಸೆರಗೊಡ್ಡಿ ಕೇಳಿದವರು

ಕಟ್ಟೆಮಳಲವಾಡಿಯ ನಮ್ಮ ಮನೆಗೆ ನಡುಮನೆಯೇ ಎಲ್ಲ. ಒಂದು ಮೂಲೆಯಲ್ಲಿ ರಾಗಿಯ ಗುಡಾಣ, ಇನ್ನೊಂದರಲ್ಲಿ ದೇವರ ಗೂಡು, ಉಳಿದ ಜಾಗದಲ್ಲಿ ಮೂವರು ಅಕ್ಕಂದಿರು ಮತ್ತು ನಾನು ಚಾಪೆ ಹಾಸಿಕೊಂಡು ಸಾಲಾಗಿ ಮಲಗುತ್ತಿದ್ದೆವು. ಮನೆಯ ಪಕ್ಕಕ್ಕೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಕಿಟಕಿಯಿಲ್ಲದ ಎತ್ತರದ ಆ ಮಣ್ಣಿನ ಕಟ್ಟಡದ ಒಲೆಗೆ ಅಪ್ಪ ಸೌದೆ ತುಂಬುತ್ತಿದ್ದರೆ, ಮುಂದಿನ ಚಪ್ಪರದ ಕೆಳಗೆ ಅವ್ವ ಮತ್ತು ಕೂಲಿಯ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಸೊಪ್ಪಿನ ಅಂಟು ಅವರ ಕೈಗೆ ಹತ್ತಿ ಕಪ್ಪಾಗಿ ಗಟ್ಟಿಯಾಗುತ್ತಿತ್ತು. ಎಷ್ಟು ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಅವ್ವ ಕಟ್ಟಿದ ಮುದ್ದೆ ಒಂದಿಷ್ಟು ಕಹಿಯಾಗಿರುತ್ತಿತ್ತು. ನಾವು ಹುರುಳಿಕಾಳಿನ ಸಾರಲ್ಲಿ ಅದ್ದಿ ಮಾತಿಲ್ಲದೆ ನುಂಗುತ್ತಿದ್ದೆವು. ನನಗೆ ಉಬ್ಬಸವಿತ್ತು. ಸೊಪ್ಪು ಬೇಯುವ ಕಾಲ ಬಂತೆಂದರೆ ಎದೆಯೊಳಗೆ ಬೆಕ್ಕು ಕೂತ ಹಾಗೆ ಗೊರಗೊರ ಸದ್ದು. ಅವ್ವ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಬೆನ್ನು ನೀವುತ್ತಿದ್ದಳು. ಹುಣಸೂರಿನ ಡಾಕ್ಟರರ ಹತ್ತಿರ ಎಷ್ಟೋ ಸಲ ಎತ್ತಿಕೊಂಡು ಹೋಗಿದ್ದಳಂತೆ. ನನಗೆ ನೆನಪಿರುವುದು ಅವಳ ಅಂಗೈ ಬೆನ್ನ ಮೇಲೆ ಒರಟಾಗಿ ಓಡಾಡುತ್ತಿದ್ದುದು ಮಾತ್ರ.

ಐದು ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಭೇರ್ಯದಿಂದ ದೊಡ್ಡಪ್ಪ ಬಂದರು. ಅವ್ವನ ಅಕ್ಕನ ಗಂಡ. ಅವ್ವ ನನಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಳು. ಎರಡು ಲಂಗ, ಒಂದು ಔಷಧಿ ಬಾಟಲಿ ಚೀಲಕ್ಕೆ ಹಾಕಿದಳು. ದೊಡ್ಡವ್ವನ ಮನೆಯಲ್ಲಿ ಸ್ವಲ್ಪ ದಿನ ಇರುವೆಯಂತೆ ಅಂದಳು. ಆಮೇಲೆ ಚಪ್ಪರದ ಕೆಳಗೆ ಹೋಗಿ ಸೊಪ್ಪು ಕಟ್ಟುತ್ತಾ ಕೂತುಬಿಟ್ಟಳು. ಅಕ್ಕಂದಿರು ಬಸ್ಸು ನಿಲ್ಲುವ ಜಾಗದ ತನಕ ಬಂದು ಕೈಬೀಸಿದರು. ಅಪ್ಪನೂ ಬಂದ. ಅವ್ವ ತಲೆಯೆತ್ತಲಿಲ್ಲ. ಮಕ್ಕಳು ಕಂಡದ್ದನ್ನು ಹಾಗೇ ಬಿಡುವುದಿಲ್ಲ, ಅದಕ್ಕೊಂದು ಅರ್ಥ ಕಟ್ಟಿಕೊಳ್ಳುತ್ತವೆ. ನಾನು ಕಟ್ಟಿಕೊಂಡ ಅರ್ಥ ಸರಳವಾಗಿತ್ತು: ಅವ್ವನಿಗೆ ನನಗಿಂತ ಸೊಪ್ಪಿನ ಕೆಲಸ ದೊಡ್ಡದು.

ಸ್ವಲ್ಪ ದಿನ ಎಂದದ್ದು ಶಾಲೆ ಸೇರಿಸುವ ಹೊತ್ತಿಗೆ ವರ್ಷವಾಯಿತು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಭೇರ್ಯದ ಮನೆ ಬೇರೆಯೇ ಲೋಕ. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಗದ್ದೆ, ಗದ್ದೆಯ ತಲೆಯಲ್ಲಿ ನಾಲೆ. ನಮ್ಮೂರಲ್ಲಿ ಹಬ್ಬಕ್ಕೆ ಕಾಣುತ್ತಿದ್ದ ಅನ್ನ ಇಲ್ಲಿ ದಿನಾ ಎರಡು ಹೊತ್ತು. ಅಡಿಗೆಮನೆ ಎಷ್ಟು ಚೊಕ್ಕಟವೆಂದರೆ ನೆಲಕ್ಕೆ ಕೈ ಊರಲು ನನಗೆ ಹೆದರಿಕೆಯಾಗುತ್ತಿತ್ತು. ಇಷ್ಟು ದೊಡ್ಡ ಮನೆಯಲ್ಲಿ ಇದ್ದವರು ಇಬ್ಬರೇ. ದೊಡ್ಡವ್ವ ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು, ವಾರಕ್ಕೊಮ್ಮೆ ತಲೆಗೆ ನೀರು ಹಾಕಿದಳು, ಔಷಧಿ ಕುಡಿಸಿದಳು. ಆದರೆ ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಕೆಲಸ ಮುಗಿದ ಕೂಡಲೇ ಎದ್ದುಹೋಗುತ್ತಿದ್ದಳು, ನನ್ನ ಕಡೆ ನೋಡುತ್ತಿರುವಾಗ ನಾನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಮೊದಲ ವರ್ಷದ ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಹೊಸ ಪಂಚೆ, ಹೊಸ ಸೀರೆಗಳ ಜೊತೆ ಒಂದು ಪುಟ್ಟ ಹಸಿರು ಲಂಗವನ್ನೂ ಇಟ್ಟಿದ್ದರು. ನನಗೇ ಅಂದುಕೊಂಡು ಪೂಜೆ ಮುಗಿಯುತ್ತಲೇ ಹಾಕಿಕೊಳ್ಳಲು ಹೋದೆ. ಮೊಣಕಾಲಿಗೂ ಬರಲಿಲ್ಲ. ದೊಡ್ಡವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಟ್ರಂಕಿನೊಳಗೆ ಇಟ್ಟಳು. ನನ್ನ ಅಳತೆಯೂ ಗೊತ್ತಿಲ್ಲದವರ ಮನೆಗೆ ಬಂದಿದ್ದೇನೆ ಅಂದುಕೊಂಡೆ.

ಹೀಗಾಗಿ ನಾನು ಉಪಯೋಗಕ್ಕೆ ಬರುವ ಹುಡುಗಿಯಾಗಲು ಹೊರಟೆ. ಯಾರೂ ಹೇಳುವ ಮೊದಲೇ ಅಂಗಳ ಗುಡಿಸುತ್ತಿದ್ದೆ. ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದೆ. ಎರಡನೇ ಸಲ ಅನ್ನ ಕೇಳುತ್ತಿರಲಿಲ್ಲ. ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಒಂದು ಸಲದ ಅನ್ನ ಎಲ್ಲಿಗೂ ಸಾಲುತ್ತಿರಲಿಲ್ಲ, ಆದರೂ ಸಾಕು ಅನ್ನುತ್ತಿದ್ದೆ. ನನ್ನ ಎರಡು ಹಳೆಯ ಲಂಗಗಳನ್ನು ಗೂಟಕ್ಕೆ ಹಾಕದೆ ಚೀಲದಲ್ಲೇ ಮಡಿಸಿ ಇಟ್ಟುಕೊಂಡಿದ್ದೆ, ಕಳಿಸುವುದಾದರೆ ಸಿದ್ಧವಾಗಿರಲಿ ಎಂದು. ದೊಡ್ಡಪ್ಪ ಹೆಚ್ಚು ಮಾತಾಡುವವರಲ್ಲ. ಆದರೆ ಗದ್ದೆಯ ಹತ್ತಿರ ಯಾರಾದರೂ ಕೂಸು ಯಾರದು ಎಂದು ಕೇಳಿದರೆ ‘ನಮ್ದೇ’ ಎಂದು ಹೇಳಿ ಮುಂದಕ್ಕೆ ನಡೆಯುತ್ತಿದ್ದರು. ಆ ಒಂದು ಪದಕ್ಕಾಗಿ ನಾನು ಅವರ ಹಿಂದೆ ಬದುವಿನ ಮೇಲೆ ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದೆ. ಉಬ್ಬಸ ಹೋಗಿತ್ತು. ಅದು ಹೋದದ್ದನ್ನು ನಾನೂ ಗಮನಿಸಲಿಲ್ಲ. ನೋವಿಲ್ಲದ್ದನ್ನು ಮೈ ನೆನಪಿಟ್ಟುಕೊಳ್ಳುವುದಿಲ್ಲವಲ್ಲ. ಈ ನಡುವೆ ಕಟ್ಟೆಮಳಲವಾಡಿಯಲ್ಲಿ ನನಗೊಬ್ಬ ತಮ್ಮ ಹುಟ್ಟಿದ್ದ. ಮಹದೇವ ಅಂತ ಹೆಸರಿಟ್ಟರು. ನಾಮಕರಣಕ್ಕೆ ಹೋಗಿ, ಹೋಳಿಗೆ ಉಂಡು, ಸಂಜೆಯ ಬಸ್ಸಿಗೆ ವಾಪಸು ಬಂದೆವು.

ನನಗೆ ಹತ್ತು ವರ್ಷವಿದ್ದಾಗ ಪಕ್ಕದ ಮನೆಯ ಮದುವೆ ಆಯಿತು. ಬೀಗರೂಟದ ದಿನ ಪಂಕ್ತಿಯಲ್ಲಿ ನನ್ನ ಎದುರಿಗೆ ನಮ್ಮ ಊರಿನ ಕಡೆಯ ಒಬ್ಬ ಮುದುಕಿ ಕೂತಿದ್ದಳು. ಮಗಳನ್ನು ಭೇರ್ಯಕ್ಕೆ ಕೊಟ್ಟವಳು, ಎರಡೂ ಮನೆಯನ್ನು ಬಲ್ಲವಳು. ಪಕ್ಕದವಳು ನನ್ನನ್ನು ತೋರಿಸಿ ಇವಳು ಯಾರು ಎಂದು ಕೇಳಿದಳು. ಮುದುಕಿ ಮೂಳೆ ಚೀಪುತ್ತಲೇ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದಳು ಅಂತ ಈಗ ನನಗೆ ಅನ್ನಿಸುವುದಿಲ್ಲ. ಊರೆಲ್ಲ ಆಡಿಕೊಳ್ಳುತ್ತಿದ್ದುದನ್ನೇ ಆಡಿದಳು:

“ನಾಕ್ನೇ ಹೆಣ್ಣು ಕಣವ್ವ. ಇಟ್ಕಂಡು ಏನ್ ಮಾಡಾರು? ಅಕ್ಕನ ಮನೆಗೆ ದಾಟುಸ್ಬುಟ್ರು. ನೋಡು, ಹೆಣ್ಣು ಆಚಿಕ್ ಹೋಯ್ತು, ಗಂಡು ಒಳಿಕ್ ಬಂತು.”

ಆ ಮಧ್ಯಾಹ್ನ ಮನೆಗೆ ಬಂದವಳೇ ದೊಡ್ಡವ್ವ ಕುಡಿಯಲು ಕೊಟ್ಟ ಮಜ್ಜಿಗೆಯ ಲೋಟವನ್ನು ನೆಲಕ್ಕೆ ಒಗೆದೆ. ಆ ಮನೆಯಲ್ಲಿ ಐದು ವರ್ಷ ಒಂದು ಪಾತ್ರೆಯನ್ನೂ ಸದ್ದು ಮಾಡಿ ಇಟ್ಟವಳಲ್ಲ ನಾನು. ದೊಡ್ಡವ್ವ ಬೆಚ್ಚಿ ನೋಡಿದಳು. ನೀನು ನನ್ನ ಅವ್ವ ಅಲ್ಲ, ಅಲ್ಲಿರೋಳೂ ನನ್ನ ಅವ್ವ ಅಲ್ಲ, ಯಾರಿಗೂ ಬೇಡದ್ದನ್ನ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೂಗಾಡಿದೆ. ಅವಳು ಚಿಂದಿ ಬಟ್ಟೆ ತಂದು ಮಜ್ಜಿಗೆ ಒರೆಸತೊಡಗಿದಳು. ಅವಳು ಬೈದಿದ್ದರೆ ನಾನು ಉಳಿಯುತ್ತಿದ್ದೆನೇನೋ. ಆ ಮೌನವೇ ಮುದುಕಿಯ ಮಾತಿಗೆ ಸಾಕ್ಷಿಯಾಯಿತು. ಮಾರನೇ ಬೆಳಿಗ್ಗೆ ಶಾಲೆಗೆಂದು ಹೊರಟವಳು ಕೃಷ್ಣರಾಜನಗರದ ಆಸ್ಪತ್ರೆಗೆ ಹೋಗುತ್ತಿದ್ದ ನೆರೆಮನೆಯ ಹೆಂಗಸಿನ ಸೆರಗು ಹಿಡಿದು ಬಸ್ಸು ಹತ್ತಿದೆ. ದೊಡ್ಡಪ್ಪ ಅಲ್ಲಿ ಕಾಯುತ್ತಿದ್ದಾರೆ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಅಲ್ಲಿಂದ ಹುಣಸೂರಿನ ಬಸ್ಸು. ಕಂಡಕ್ಟರು ಕೇಳಿದ್ದಕ್ಕೆ, ನಮ್ಮವ್ವನ ಮನೆಗೆ ಹೋಗುತ್ತಿದ್ದೇನೆ ಅಂದೆ. ಅದು ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ.

ಅವ್ವ ಚಪ್ಪರದ ಕೆಳಗೆ ಇದ್ದಳು. ನಾನು ಹೊರಟ ದಿನ ಕೂತಿದ್ದ ಹಾಗೆಯೇ, ಎಡಕ್ಕೆ ಹಸಿ ಎಲೆಯ ರಾಶಿ, ತೊಡೆಯ ಮೇಲೆ ಕಡ್ಡಿ. ನನ್ನನ್ನು ಕಂಡು ಎದ್ದು ನಿಂತಳು. ಜೊತೆಗೆ ಯಾರೂ ಇಲ್ಲದ್ದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಕೂಲಿಯವರೆಲ್ಲ ಕೇಳುವ ಹಾಗೆ, ನಾಲ್ವರಲ್ಲಿ ನನ್ನೊಬ್ಬಳನ್ನೇ ಯಾಕೆ ಕೊಟ್ಟೆ ಎಂದು ಕೇಳಿದೆ. ತಮ್ಮ ಮಹದೇವ ಅವಳ ಸೀರೆಯ ಹಿಂದೆ ನಿಂತು ನನ್ನನ್ನು ಹೊಸಬಳ ಹಾಗೆ ನೋಡುತ್ತಿದ್ದ. ಅವ್ವ ಕೆಳಗೆ ಬಿದ್ದ ಕಡ್ಡಿಯನ್ನು ಎತ್ತಿ ಅದರ ಎಲೆಗಳನ್ನು ಒಂದೊಂದಾಗಿ ಸರಿಮಾಡಿದಳು. ಏನು ಹೇಳಬೇಕು ಅಂತ ಅವಳು ಆ ಹೊತ್ತಿನಲ್ಲಿ ತೀರ್ಮಾನಿಸುತ್ತಿದ್ದಳು ಎಂಬುದು ಹತ್ತು ವರ್ಷದ ನನಗೆ ಹೇಗೆ ತಿಳಿಯಬೇಕು. ಕೊನೆಗೆ ಕೂತು, ನನ್ನನ್ನೂ ಕೂರಿಸಿಕೊಂಡು, ಮೆಲ್ಲಗೆ ಹೇಳಿದಳು:

“ನಿಮ್ಮ ದೊಡ್ಡವ್ವ ಸೆರಗೊಡ್ಡಿ ಕೇಳುದ್ಲು ಕಣ್ಮಗ. ನಾಕು ಜನದಲ್ಲಿ ನೀನೇ ಬೇಕು ಅಂದ್ಲು. ಒಡಹುಟ್ಟುದೋಳು ಅಂಗೆ ಕೇಳುವಾಗ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ನಿಲ್ಲ.”

ಇನ್ನೊಂದು ಮಾತನ್ನೂ ಕೇಳಿದೆ. ಅವತ್ತು ಬಸ್ಸಿನ ತನಕ ಯಾಕೆ ಬರಲಿಲ್ಲ ಎಂದು. ಅವ್ವ ತನ್ನ ಎರಡೂ ಕೈ ನನ್ನ ಮುಂದೆ ಹಿಡಿದಳು. ಬೆರಳ ಸಂದಿಗಳಲ್ಲೆಲ್ಲ ಕಪ್ಪು ಅಂಟು. ಬಂದಿದ್ದರೆ ನಿನ್ನನ್ನು ಹಿಡಿದುಕೊಳ್ಳುತ್ತಿದ್ದೆ, ಹಿಡಿದುಕೊಂಡಿದ್ದರೆ ಬಿಡುತ್ತಿರಲಿಲ್ಲ ಅಂದಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಮುದ್ದೆ ಇಕ್ಕಿದಳು. ನಾನು ಎರಡು ಮುದ್ದೆ ಉಂಡೆ. ಅಷ್ಟರಲ್ಲಿ ಬ್ಯಾರನ್ನಿನ ಹೊಗೆಗೆ ಎದೆ ಬಿಗಿದು ಕೆಮ್ಮು ಶುರುವಾಗಿತ್ತು. ಸಂಜೆಗೆ ಮುಂಚೆಯೇ ದೊಡ್ಡಪ್ಪ ಹುಡುಕಿಕೊಂಡು ಬಂದರು. ನಾನು ತಕರಾರಿಲ್ಲದೆ ಅವರ ಜೊತೆ ಹೊರಟೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಒಂದೇ ಮಾತನ್ನು ಮನಸ್ಸಿನಲ್ಲಿ ಹೊರಳಿಸುತ್ತಿದ್ದೆ: ನಾಲ್ವರಲ್ಲಿ ನಾನೇ ಬೇಕು ಅಂದಿದ್ದಳು.

ದೊಡ್ಡವ್ವ ಬಾಗಿಲ ಹತ್ತಿರವೇ ಇದ್ದಳು. ಬೈಯಲಿಲ್ಲ. ಕೈಕಾಲು ತೊಳೆದುಕೋ ಅಂದಳು. ತಟ್ಟೆ ಹಾಕಿ, ನನ್ನ ಎದುರು ಕೂತು, ನಿಮ್ಮವ್ವ ಏನು ಹೇಳಿದಳು ಎಂದು ಕೇಳಿದಳು. ನಾನು ಅನ್ನದ ತಟ್ಟೆ ನೋಡುತ್ತಾ, ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ: ನೀನು ಸೆರಗೊಡ್ಡಿ ಕೇಳಿದೆಯಂತೆ, ನಾನೇ ಬೇಕು ಅಂದೆಯಂತೆ. ತಲೆಯೆತ್ತಿದರೆ ದೊಡ್ಡವ್ವ ಉಸಿರು ಹಿಡಿದವಳ ಹಾಗೆ ಕೂತಿದ್ದಳು. ಎದ್ದು ಹಿತ್ತಿಲಿಗೆ ಹೋದಳು. ಬಚ್ಚಲ ಹತ್ತಿರ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ತೊಳೆದ ಮುಖದಲ್ಲಿ ವಾಪಸು ಬಂದಳು. ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಅನ್ನ ಹಾಕಿದಳು. ಪಕ್ಕದಲ್ಲಿ, ಈ ಸಲ ನಿಜವಾಗಿ ಪಕ್ಕದಲ್ಲಿ ಕೂತು, ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

“ಹೂಂ ಕಣವ್ವ. ನಾನೇ ಕೇಳಿದ್ದು.”

ಆ ದಿನದಿಂದ ದೊಡ್ಡವ್ವ ಬೇರೆ ಹೆಂಗಸಾದಳು. ನನ್ನ ಚೀಲವನ್ನು ಬಿಚ್ಚಿ ಲಂಗಗಳನ್ನು ಗೂಟಕ್ಕೆ ಹಾಕಿದವಳು ಅವಳೇ. ಆ ವರ್ಷದ ಹಿರಿಯರ ಹಬ್ಬಕ್ಕೆ ಎಡೆಯ ಮುಂದೆ ಇಟ್ಟ ಲಂಗ ನನಗೆ ಸರಿಯಾಗಿ ಕೂತಿತು. ಜಗಳಗಳೂ ಶುರುವಾದವು, ತಾಯಿ ಮಗಳು ಆಡುವಂಥ ಜಗಳಗಳು. ಜಡೆ ಬಿಗಿಯಾಯಿತು ಅಂತ, ನಾಲೆಗೆ ಇಳಿದೆ ಅಂತ, ಲೆಕ್ಕದ ಮೇಷ್ಟರ ಮೇಲೆ ಚಾಡಿ ಹೇಳಿದೆ ಅಂತ. ಜಗಳದ ನಡುವೆಯೂ ‘ಸೆರಗೊಡ್ಡಿ ತಂದದ್ದಕ್ಕೆ ಇದಾ ನಿನ್ನ ಬುದ್ಧಿ’ ಅನ್ನುತ್ತಿದ್ದಳು. ಬೈಗುಳದಲ್ಲಿ ಆ ಮಾತು ಕೇಳುವುದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ, ಕೆಲವು ತಪ್ಪುಗಳನ್ನು ಅದಕ್ಕಾಗಿಯೇ ಮಾಡಿದ್ದೇನೆ. ನೆಂಟರು ಬಂದರೆ ಅವಳು ಅದನ್ನೇ ಕಥೆಯಾಗಿ ಹೇಳುತ್ತಿದ್ದಳು. ವರ್ಷಗಳು ಕಳೆದಂತೆ ಕಥೆಗೆ ಕೈಕಾಲು ಬಂದವು. ತಂಗಿಯ ಅಂಗಳದಲ್ಲಿ ಹೇಗೆ ನಿಂತಳು, ಯಾವ ಸೀರೆ ಉಟ್ಟಿದ್ದಳು, ತಂಗಿ ಹೇಗೆ ಅತ್ತಳು. ನಾನು ಬಾಗಿಲಿಗೆ ಒರಗಿ ಪ್ರತಿ ಸಲವೂ ಕೇಳುತ್ತಿದ್ದೆ.

ನಾನು ಏನಾದೆನೋ ಅದೆಲ್ಲ ಆ ಕಥೆಯ ಮೇಲೆ ನಿಂತು ಆದದ್ದು. ನರ್ಸಿಂಗ್ ಕಲಿತು ಮೊದಲು ಪಿರಿಯಾಪಟ್ಟಣದ ಕಡೆ, ಆಮೇಲೆ ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಗುರುತಿಲ್ಲದ ಮನೆಗಳ ಬಾಗಿಲು ತಟ್ಟಿ, ಬಾಣಂತಿಯ ಪಕ್ಕ ಕೂತು, ಗದರುವ ಅತ್ತೆಯರನ್ನು ಮಾತಿನಲ್ಲೇ ಬಗ್ಗಿಸಿದೆ. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಜೊತೆಯವರು ಕೇಳುತ್ತಿದ್ದರು. ಬೇಕು ಅನ್ನಿಸಿಕೊಂಡವರಿಗೆ ಯಾವ ಮನೆಯ ಹೊಸ್ತಿಲೂ ಎತ್ತರವಲ್ಲ. ಆದರೆ ಅದೇ ಕಥೆಗೆ ಇನ್ನೊಂದು ಮಗ್ಗುಲೂ ಇತ್ತು. ಕೇಳಿದವಳು ದೊಡ್ಡವಳಾದ ಮೇಲೆ ಕೊಟ್ಟವಳು ಚಿಕ್ಕವಳಾಗಲೇಬೇಕಲ್ಲ. ಒಬ್ಬರು ಕೇಳಿದ ಕೂಡಲೇ ಹೆತ್ತ ಮಗುವನ್ನು ಎತ್ತಿ ಕೊಟ್ಟವಳು ಎಂದೇ ಅವ್ವನನ್ನು ನೋಡುತ್ತಿದ್ದೆ. ಹಬ್ಬಕ್ಕೆ ಹೋಗುತ್ತಿದ್ದೆ, ಸೀರೆ ಕೊಡುತ್ತಿದ್ದೆ, ಹೆಚ್ಚೆಂದರೆ ಒಂದು ದಿನ ಇದ್ದು ಹೊರಟುಬಿಡುತ್ತಿದ್ದೆ. ಇನ್ನೊಂದು ದಿನ ಇರು ಎಂದು ಅವ್ವ ಒಂದೇ ಸಲ ಹೇಳುತ್ತಿದ್ದಳು, ಒತ್ತಾಯ ಮಾಡುತ್ತಿರಲಿಲ್ಲ. ಅದೂ ನನಗೆ ಅವಳ ತಣ್ಣನೆಯ ಸ್ವಭಾವಕ್ಕೆ ಪುರಾವೆಯಾಗಿ ಕಾಣುತ್ತಿತ್ತು.

ನಾನು ಕೆಲಸದಿಂದ ನಿವೃತ್ತಳಾದ ಮಾರನೇ ವರ್ಷ ದೊಡ್ಡವ್ವ ತೀರಿಕೊಂಡಳು. ಹನ್ನೊಂದನೇ ದಿನದ ಕಾರ್ಯ ಮುಗಿದು, ನೆಂಟರು ಹೊರಟ ಮೇಲೆ, ಮಧ್ಯಾಹ್ನ ದೊಡ್ಡಪ್ಪ ಮತ್ತು ನಾನು ಜಗಲಿಯ ಮೇಲೆ ಕೂತಿದ್ದೆವು. ಅವರಿಗೆ ತೊಂಬತ್ತರ ಹತ್ತಿರ. ನಾನು ದೊಡ್ಡವ್ವನ ಕಥೆಯನ್ನೇ ನೆನೆದು, ಎಷ್ಟು ಚೆಂದ ಹೇಳುತ್ತಿದ್ದಳು ಅಂದೆ. ದೊಡ್ಡಪ್ಪ ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡು, ಇನ್ನು ಹೇಳಿದರೆ ತಪ್ಪಿಲ್ಲ ಎಂದು ಶುರು ಮಾಡಿದರು. ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಮೂರು ವರ್ಷ ಬದುಕಿ ಜ್ವರದಲ್ಲಿ ಹೋಯಿತು. ನಾನು ಬಂದ ವರ್ಷ ಹಿರಿಯರ ಹಬ್ಬದಲ್ಲಿ ಕಂಡ ಆ ಹಸಿರು ಲಂಗ, ತೀರಿಹೋದ ಆ ಮಗುವಿನ ಎಡೆಗೆ ಇಟ್ಟದ್ದು. ಮಗು ಹೋದ ಮೇಲೆ ದೊಡ್ಡವ್ವ ಯಾರ ಮಕ್ಕಳನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳಂತೆ, ನನಗೆ ಅದರ ನೆನಪಿಲ್ಲ. ಹೊಗೆಯಲ್ಲಿಟ್ಟರೆ ಈ ಮಗು ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಬ್ಯಾರನ್ನು ಬಿಟ್ಟು ಎಲ್ಲಿಗೆ ಹೋಗುವುದು, ಉಳಿದ ಮೂವರು ಮಕ್ಕಳ ಅನ್ನ ಅದರಲ್ಲೇ ಇತ್ತು. ಇದೇ ಹೊಸ್ತಿಲಲ್ಲಿ ನಿಂತು ಅಕ್ಕನ ಮುಂದೆ ಅವ್ವ ಸೆರಗೊಡ್ಡಿದಳು. ದೊಡ್ಡವ್ವ ಬೇಡ ಅಂದಳು. ಇದೂ ಸತ್ತರೆ ನಾನು ತಡೆಯಲಾರೆ ಅಂದಳು. ಅವ್ವ ಎರಡು ದಿನ ಇದ್ದು ಬರಿಗೈಯಲ್ಲಿ ವಾಪಸು ಹೋದಳು. ಆಮೇಲೆ ದೊಡ್ಡಪ್ಪನೇ ಹೆಂಡತಿಯನ್ನು ಕೇಳದೆ ಹೊರಟು ನನ್ನನ್ನು ಕರೆತಂದರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದೊಡ್ಡವ್ವ ಸುಳ್ಳು ಹೇಳುತ್ತಿದ್ದಳೇ ಎಂದೂ ಕೇಳಿದೆ. ದೊಡ್ಡಪ್ಪ ತಲೆಯಾಡಿಸಿದರು.

“ಸುಳ್ಳಲ್ಲ ಕಣವ್ವ. ನೀನು ಬಂದು ಆ ಮಾತು ಹೇಳ್ದಾಗ ಮೊದ್ಲು ಅತ್ಲು. ಆಮೇಲೆ ಹೇಳ್ತಾ ಹೇಳ್ತಾ ಅಂಗೇ ನಡೀತು ಅಂತ್ಲೇ ನಂಬುದ್ಲು. ಬ್ಯಾಡ ಅಂದಿದ್ದು ಅವ್ಳಿಗೆ ಮರ್ತೇ ಹೋಗಿತ್ತು. ನಾನ್ಯಾಕೆ ನೆನೆಸ್ಲಿ?”

ನನಗೆ ದೊಡ್ಡವ್ವನ ಮೇಲೆ ಕೋಪ ಬರಲಿಲ್ಲ. ಮಗುವನ್ನು ಕಳೆದುಕೊಂಡ ಹೆದರಿಕೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡವಳು, ತಂಗಿ ಕಳಿಸಿದ ಒಂದು ಮಾತನ್ನು ಹಿಡಿದುಕೊಂಡು, ತಾನು ಸೆರಗೊಡ್ಡಿ ಕೇಳಿದವಳು ಎಂದು ನಂಬಿ, ಹಾಗೆ ಕೇಳಿದವಳು ಹೇಗೆ ಸಾಕುತ್ತಿದ್ದಳೋ ಹಾಗೆಯೇ ನನ್ನನ್ನು ಸಾಕಿದಳು. ಅದಕ್ಕಿಂತ ಹೆಚ್ಚಿನದನ್ನು ಯಾರಿಂದ ಕೇಳಲಿ. ನನ್ನನ್ನು ಅಲುಗಾಡಿಸಿದ್ದು ಅವ್ವ. ಬೇಡಿದವಳು ತಾನಾಗಿದ್ದೂ, ಬೇಡಿದ ಹೆಸರನ್ನು ಅಕ್ಕನಿಗೆ ಕೊಟ್ಟು, ಮಗುವನ್ನು ಕೊಟ್ಟುಬಿಟ್ಟವಳು ಎಂಬ ಹೆಸರನ್ನು ತಾನು ಹೊತ್ತುಕೊಂಡಿದ್ದಳು. ನನ್ನ ತಣ್ಣನೆಯ ಹಬ್ಬದ ಭೇಟಿಗಳನ್ನೆಲ್ಲ ಐವತ್ತು ವರ್ಷ ಬಾಯಿ ಬಿಡದೆ ಸಹಿಸಿಕೊಂಡಿದ್ದಳು.

ಅವರೆಕಾಯಿಯ ಕಾಲಕ್ಕೆ ಕಟ್ಟೆಮಳಲವಾಡಿಗೆ ಹೋದೆ. ಮಹದೇವ ಮತ್ತು ಅವನ ಹೆಂಡತಿ ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವ್ವ ಜಗಲಿಯ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕುತ್ತಿದ್ದಳು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ಚುರುಕು. ದೊಡ್ಡಪ್ಪ ಎಲ್ಲ ಹೇಳಿದರು ಅಂದೆ. ಅವಳ ಬೆರಳು ಒಂದು ಗಳಿಗೆ ನಿಂತು ಮತ್ತೆ ಓಡಿತು. ನಾನು ಕೋಪದಲ್ಲಿದ್ದೆನಲ್ಲ, ಆಗಲಾದರೂ ಹೇಳಬಾರದಿತ್ತೇ, ಇಷ್ಟು ವರ್ಷ ನಿನ್ನನ್ನು ತಪ್ಪಾಗಿ ತಿಳಿದುಬಿಟ್ಟೆನಲ್ಲ ಎಂದು ಅತ್ತೆ. ಅವ್ವ ಅಳಲಿಲ್ಲ.

“ನಿಜ ಹೇಳಿದ್ರೆ ನೀನು ನನ್ತಾವ್ಲೇ ಉಳ್ಕತಿದ್ದೆ, ಹೊಗೇಲಿ. ಅವಳ ಮನೇಲಿ ನಿನ್ನ ಕಾಲು ನಿಲ್ಬೇಕಿತ್ತು ಕಣ್ಮಗ. ನೀನು ಉಸ್ರಾಡ್ಕೊಂಡಿದ್ರೆ ಸಾಕಾಗಿತ್ತು ನಂಗೆ. ನನ್ನ ಏನಂತ ತಿಳ್ಕಂಡ್ರೇನು.”

ಆ ಸಲ ಎಂಟು ದಿನ ಉಳಿದೆ. ನಾಲ್ಕನೇ ದಿನವೋ ಐದನೇ ದಿನವೋ, ಇಬ್ಬರೂ ಜಗಲಿಯಲ್ಲಿ ಕಾಳು ಹಿಸುಕುತ್ತಿದ್ದಾಗ, ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ನನ್ನನ್ನು ನೋಡಿ, ಇವರು ಯಾರು ಅಜ್ಜಿ ಎಂದು ಕೇಳಿದಳು. ಅವ್ವ ತಡವರಿಸಲಿಲ್ಲ.

“ನಮ್ಮಕ್ಕನ ಮಗಳು ಕಣವ್ವ. ಭೇರ್ಯದೋಳು.”

ಒಂದು ವರ್ಷದ ಹಿಂದೆ ಅದೇ ಮಾತು ಕೇಳಿದ್ದರೆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡುತ್ತಿದ್ದೆ. ತನ್ನ ಅಕ್ಕ ತೀರಿಹೋದ ಮೇಲೂ ಅವ್ವ ಅವಳಿಗೆ ಕೊಟ್ಟದ್ದನ್ನು ವಾಪಸು ತೆಗೆದುಕೊಂಡಿರಲಿಲ್ಲ. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದು ಎಂದೆ. ಅವಳು ಮಜ್ಜಿಗೆ ತೆಗೆದುಕೊಂಡು ಹೋದ ಮೇಲೆ, ಅವ್ವನ ಮಂಡಿಗೆ ನನ್ನ ಮಂಡಿ ತಾಗುವಷ್ಟು ಹತ್ತಿರಕ್ಕೆ ಸರಿದು ಕೂತು, ಮೊರದಲ್ಲಿ ಉಳಿದ ಕಾಳನ್ನು ಹಿಸುಕಿದೆ.